ಗಾಣಕ್ಕೆ ಹೋಗುವ ಮುನ್ನ

ದೀಪಾವಳಿಗೆ ಇನ್ನು ನಾಲ್ಕೇ ದಿನವಿರುವಾಗ ಕುಂದಾಪುರದ ಕಡೆಯ ಒಂದು ಮನೆಯ ಜಗಲಿಯಲ್ಲಿ ಎರಡು ಎಣ್ಣೆಗಳು ಎದುರುಬದುರಾಗಿ ಕುಳಿತಿವೆ ಎಂದು ವಾಚಕರು ಊಹಿಸಿಕೊಳ್ಳಬೇಕು. ಒಂದು, ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಸೊಸೆ ತಂದ ಗಾಜಿನ ಸೀಸೆ. ಅದರ ಮೈಮೇಲೆ ‘ಕೋಲ್ಡ್ ಪ್ರೆಸ್ಡ್’ ಎಂಬ ಬರಹ. ಬೆಲೆ ಅಂಗಡಿಯ ಸಾಮಾನ್ಯ ಎಣ್ಣೆಗಿಂತ ಬಹಳ ಹೆಚ್ಚು. ಇನ್ನೊಂದು, ಮನೆಯ ಕೊಬ್ಬರಿಯನ್ನೇ ಕಳೆದ ವರ್ಷ ಗಾಣಕ್ಕೆ ಕೊಟ್ಟು ಆಡಿಸಿ ತಂದುದು. ಭರಣಿಯ ತಳದಲ್ಲಿ ನಾಲ್ಕು ಸೌಟಿನಷ್ಟು ಉಳಿದಿದೆ. ಅತ್ತೆ ಸೀಸೆಯ ಮುಚ್ಚಳ ತಿರುಗಿಸಿ ಮೂಸಿ ನೋಡುತ್ತಾರೆ.

“ಇದೆಂತ ಎಣ್ಣಿ ಮಾರಾಯ್ತಿ? ಪರಿಮಳವೇ ಇಲ್ಲ.”

ಸೊಸೆ ಭರಣಿಗೆ ಮೂಗು ಒಡ್ಡುತ್ತಾಳೆ. “ಇದಕ್ಕೆ ಹೊಗೆಯ ವಾಸನೆ ಅತ್ತೆ. ಬಿಸಿ ಮಾಡದೆ ತೆಗೆದ ಎಣ್ಣೆಯೇ ಒಳ್ಳೆಯದಂತೆ. ಬೆಂಕಿ ತೋರಿಸಿದರೆ ಸತ್ವವೆಲ್ಲ ಹೋಗುತ್ತದಂತೆ.”

ಅತ್ತೆಯದು ಮರುಪ್ರಶ್ನೆ: ಆಷಾಢದ ಮಳೆಯಲ್ಲಿ ಬೆಂಕಿ ತೋರಿಸದೆ ಕೊಬ್ಬರಿ ಒಣಗುವುದು ಹೇಗೆ?

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಇಬ್ಬರೂ ಆಡುತ್ತಿರುವುದು ಒಂದೇ ಬಿಸಿಯ ಮಾತಲ್ಲ. ಎಣ್ಣೆಬೀಜವು ಹೊಲದಿಂದ ಸೀಸೆಗೆ ಬರುವ ದಾರಿಯಲ್ಲಿ ಮೂರು ಬಗೆಯ ಬಿಸಿಯನ್ನು ಕಾಣುತ್ತದೆ. ಒಣಗುವಾಗಿನ ಬಿಸಿ ಒಂದು, ಅರೆಯುವುದಕ್ಕೆ ಮುನ್ನ ಹುರಿಯುವ ಅಥವಾ ಬೇಯಿಸುವ ಬಿಸಿ ಇನ್ನೊಂದು, ಹಿಂಡುವ ಯಂತ್ರದ ತಿಕ್ಕಾಟದಲ್ಲಿ ತಾನಾಗಿ ಹುಟ್ಟುವ ಬಿಸಿ ಮತ್ತೊಂದು. ಸೀಸೆಯ ಮೇಲಿನ ಬರಹವು ಕೊನೆಯ ಎರಡನ್ನು ಕುರಿತು ಏನೋ ಹೇಳುತ್ತದೆ. ಮೊದಲನೆಯದನ್ನು ಕುರಿತು ಬಾಯಿ ಬಿಡುವುದಿಲ್ಲ. ಕರಾವಳಿಯಲ್ಲಿ ಎಣ್ಣೆಯ ಹಣೆಬರಹ ನಿಶ್ಚಯವಾಗುವುದಾದರೋ ಆ ಮೊದಲನೆಯದರಲ್ಲಿಯೆ.

‘ಎಣ್ಣೆ’ ಎಂಬ ಮಾತೇ ಎಳ್ಳಿನಿಂದ ಬಂದುದು. ಎಳ್ ಮತ್ತು ನೆಯ್ ಸೇರಿ ಎಣ್ಣೆ. ಎಂದರೆ ಎಳ್ಳಿನ ತುಪ್ಪ. ವ್ಯುತ್ಪತ್ತಿಯನ್ನು ಕಟ್ಟುನಿಟ್ಟಾಗಿ ಹಿಡಿದರೆ ‘ತೆಂಗಿನೆಣ್ಣೆ’ ಎನ್ನುವುದೇ ತಪ್ಪಾದೀತು. ಭಾಷೆ ವೈಯಾಕರಣನಷ್ಟು ಬಿಗಿಯಲ್ಲದಿರುವುದು ಅಡುಗೆಮನೆಯ ಪುಣ್ಯ. ಕನ್ನಡ ಶಾಸನಗಳಲ್ಲಿ ಗಾಣದೆರೆಯ ಮಾತೂ, ದೇವರ ನಂದಾದೀಪಕ್ಕೆ ಗಾಣಕ್ಕಿಷ್ಟೆಂದು ಎಣ್ಣೆ ಬಿಟ್ಟ ದತ್ತಿಯ ಮಾತೂ, ಎಣ್ಣೆ ತೆಗೆಯುವ ತೆಲ್ಲಿಗರ ಹೆಸರೂ ಮತ್ತೆ ಮತ್ತೆ ಬರುತ್ತವೆ. ಆಳುಪರ ರಾಜಧಾನಿಯಾಗಿದ್ದ ಬಾರಕೂರು ಇಂದು ಬ್ರಹ್ಮಾವರ ತಾಲೂಕಿಗೆ ಸೇರಿದೆ. ಕರಾವಳಿಯ ಸೋಮಕ್ಷತ್ರಿಯ ಗಾಣಿಗರು ಕುಲದೇವರೆಂದು ನಡೆದುಕೊಳ್ಳುವ ವೇಣುಗೋಪಾಲಕೃಷ್ಣನ ಗುಡಿ ಇರುವುದೂ ಅಲ್ಲಿಯೆ. ಅದೇ ಸೀಮೆಯ ಹಾರಾಡಿ ರಾಮ ಗಾಣಿಗ, ಕುಷ್ಟ ಗಾಣಿಗರನ್ನು ಬಡಗುತಿಟ್ಟಿನ ಯಕ್ಷಗಾನ ಪ್ರಿಯರು ಮರೆತಿಲ್ಲ. ಕುಲಕಸುಬು ಬಿಟ್ಟುಹೋದರೂ ಹೆಸರು ಉಳಿಯುವುದುಂಟು. ಎತ್ತು ಕಟ್ಟಿದ ಗಾಣ ಈಗ ಕಾಣಸಿಗುವುದು ಅಪರೂಪ. ಮರದ ಗಾಣಗಳು ಅಲ್ಲಲ್ಲಿ ಮತ್ತೆ ತಲೆಯೆತ್ತಿವೆಯಾದರೂ ಅವುಗಳನ್ನು ತಿರುಗಿಸುವುದು ವಿದ್ಯುತ್ತಿನ ಮೋಟಾರು.

ಇನ್ನು ಬಿಸಿಯ ವಿಚಾರ. ಬೀಜದೊಳಗಿನ ಎಣ್ಣೆ ಕೊಡದಲ್ಲಿ ನೀರು ನಿಂತಂತೆ ನಿಂತಿರುವುದಿಲ್ಲ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಹನಿಗಳಾಗಿ ಅದು ಜೀವಕೋಶಗಳಲ್ಲಿ ಅಡಗಿರುತ್ತದೆ. ಪ್ರತಿಯೊಂದು ಹನಿಗೂ ಪ್ರೋಟೀನು ಸೇರಿದ ತೆಳುವಾದ ಪೊರೆಯೊಂದು ಕವಚ. ಈ ಕವಚಗಳಿರುವವರೆಗೆ ಹನಿಹನಿ ಕೂಡಿ ಧಾರೆಯಾಗುವುದಿಲ್ಲ. ಅರೆದರೆ ಕೆಲವು ಒಡೆಯುತ್ತವೆ, ಕೆಲವು ಉಳಿಯುತ್ತವೆ. ಬೀಜಕ್ಕೆ ಸ್ವಲ್ಪ ತೇವವನ್ನೂ ಹದವಾದ ಶಾಖವನ್ನೂ ಕೊಟ್ಟಾಗ ಕೋಶದ ಗೋಡೆ ಮೆತ್ತಗಾಗುತ್ತದೆ. ನಿಂಬೆರಸ ಬಿದ್ದ ಬಿಸಿಹಾಲು ಒಡೆದು ನೀರು ಬೇರೆಯಾಗುವಂತೆ ಪೊರೆಯ ಪ್ರೋಟೀನು ಗಟ್ಟಿಕಟ್ಟಿ ಎಣ್ಣೆಯನ್ನು ಬಿಟ್ಟುಕೊಡುತ್ತದೆ. ಬಿಸಿಯಾದ ಎಣ್ಣೆ ತೆಳ್ಳಗಾಗಿ ಸರಾಗವಾಗಿ ಹರಿಯುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಬೀಜವನ್ನು 80ರಿಂದ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಹಬೆಯಿಂದ ಬೇಯಿಸಿ ಅನಂತರ ಹಿಂಡುವುದು ಇದೇ ಕಾರಣಕ್ಕಾಗಿ. ಬೇಯಿಸಿದ ಬೀಜದಿಂದ ಹೆಚ್ಚು ಎಣ್ಣೆ ಬರುತ್ತದೆ. ಹಿಂಡಿಯಲ್ಲಿ ಕಡಿಮೆ ಉಳಿಯುತ್ತದೆ. ವ್ಯಾಪಾರಿಗೆ ಇದರಷ್ಟು ಮುಖ್ಯವಾದುದು ಬೇರೊಂದಿಲ್ಲ.

ಆದರೆ ಬಿಸಿ ಮಾಡುವ ಇನ್ನೊಂದು ಉಪಕಾರವನ್ನು ಗೃಹಿಣಿಯರು ಗಮನಿಸಬೇಕು. ಬೀಜದಲ್ಲಿ ಕೊಬ್ಬನ್ನು ಸೀಳುವ ಕಿಣ್ವವೊಂದಿದೆ. ಮೊಳಕೆಯೊಡೆಯುವ ಸಸಿಗೆ ಆಹಾರ ಒದಗಿಸುವುದು ಅದರ ಸಹಜ ಕೆಲಸ. ಬೀಜ ಒದ್ದೆಯಾಗಿ ಬಹಳ ದಿನ ಬಿದ್ದಿದ್ದರೆ ಅದು ಗಾಣದ ದಾರಿ ಕಾಯದೆ ಅಲ್ಲಿಯೇ ಕೆಲಸಕ್ಕೆ ತೊಡಗುತ್ತದೆ. ಕೊಬ್ಬು ಸೀಳಿ ಬಿಡಿ ಆಮ್ಲಗಳಾಗುತ್ತವೆ. ನಾಲಗೆಗೆ ಸಾಬೂನಿನ ರುಚಿ, ಗಂಟಲಿಗೆ ಕೆರೆತ, ಮೂಗಿಗೆ ಕಮಟು ಬಡಿಯುವುದು ಇದರಿಂದಲೆ. ಸಾಕಷ್ಟು ಶಾಖ ತಗುಲಿದರೆ ಈ ಕಿಣ್ವ ಸಾಯುತ್ತದೆ. ಹದ ಮೀರಿದರೆ ಮಾತ್ರ ಅದೇ ಶಾಖ ವೈರಿ. ಎಣ್ಣೆಯ ಬಣ್ಣ ಕಪ್ಪಾಗುತ್ತದೆ. ಅಂಟುಪದಾರ್ಥಗಳು ಹೆಚ್ಚು ಇಳಿದು ತಳದಲ್ಲಿ ಗಸಿ ಕಟ್ಟುತ್ತದೆ. ಎಣ್ಣೆಯನ್ನು ಕೆಡದಂತೆ ಕಾಯುವ ‘ಇ’ ಜೀವಸತ್ವ ಕುಗ್ಗುತ್ತದೆ. ಹಿಂಡಿಯ ಪ್ರೋಟೀನು ಕೂಡ ಸುಟ್ಟು ದನಗಳಿಗೆ ಅರಗುವುದು ಕಷ್ಟವಾಗುತ್ತದೆ. ಹಿಂಡಿ ತಿನ್ನುವ ಹಸುವಿನ ಅಭಿಪ್ರಾಯವನ್ನು ಯಾವ ಸೀಸೆಯ ಮೇಲೂ ಅಚ್ಚು ಹಾಕಿದುದಿಲ್ಲ.

ಈಗ ಅತ್ತೆಯ ಪ್ರಶ್ನೆಗೆ ಬರಬಹುದು. ಒಡೆದ ತೆಂಗಿನಕಾಯಿಯ ತಿರುಳಿನಲ್ಲಿ ಸುಮಾರು ಅರ್ಧ ಪಾಲು ನೀರು. ಗಾಣಕ್ಕೆ ಯೋಗ್ಯವಾದ ಕೊಬ್ಬರಿಯಲ್ಲಿ ಅದು ಶೇಕಡ 6ರಷ್ಟಕ್ಕೆ ಇಳಿದಿರಬೇಕು. ಈ ಎರಡು ಅಂಕಿಗಳ ನಡುವಿನ ದಾರಿಯೇ ಕಷ್ಟದ್ದು. ಬೇಸಗೆಯಲ್ಲಾದರೆ ಒಡೆದ ಕಾಯಿಯನ್ನು ಅಂಗಳದಲ್ಲಿ ಬಾಯಿ ಮೇಲಾಗಿ ಹರಡಿ, ಕಾಗೆಗಳನ್ನು ಅಟ್ಟುತ್ತ, ಒಂದು ವಾರ ಬಿಸಿಲಿಗೆ ಬಿಟ್ಟರೆ ಸಾಕು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಈ ಪಟ್ಟಿಯಲ್ಲಾದರೋ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುವಂಥದು. ತೆಂಗಿನಮರಕ್ಕೆ ಮಳೆಗಾಲದ ರಜೆಯಿಲ್ಲ, ಕಾಯಿ ಬೀಳುತ್ತಲೇ ಇರುತ್ತದೆ. ಒಡೆದ ಕಾಯಿ ಎರಡು ದಿನ ಹಸಿಯಾಗಿ ಉಳಿದರೆ ಮೇಲೆ ಲೋಳೆ ಕಟ್ಟುತ್ತದೆ. ಆಮೇಲೆ ಹಸುರು, ಹಳದಿ, ಕಪ್ಪು ಬಣ್ಣಗಳ ಬೂಷ್ಟು.

ತೆಂಗಿನೆಣ್ಣೆಯ ಸ್ವಭಾವವನ್ನು ತಿಳಿದರೆ ಈ ಬೂಷ್ಟಿನ ಅಪಾಯ ಇನ್ನಷ್ಟು ಸ್ಪಷ್ಟವಾದೀತು. ಅದರ ಕೊಬ್ಬಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಸಂತೃಪ್ತ ಕೊಬ್ಬು. ಮಾಗಿಯ ಮುಂಜಾವಿನಲ್ಲಿ ಸೀಸೆಯೊಳಗೆ ಅದು ಬೆಳ್ಳಗೆ ಹೆಪ್ಪುಗಟ್ಟುವುದೂ ಇದರಿಂದಲೆ. ಇಂಥ ಎಣ್ಣೆ ಗಾಳಿ ತಾಗಿ ಕೆಡುವುದು ಬಹಳ ನಿಧಾನ. ಅದರ ನಿಜವಾದ ಶತ್ರು ನೀರು, ನೀರಿನ ಬೆನ್ನಿಗೆ ಬರುವ ಬೂಷ್ಟು. ಶೇಂಗಾ ಎಣ್ಣೆಯನ್ನು ಗಾಳಿಬೆಳಕುಗಳಿಂದ ಕಾಪಾಡಬೇಕು. ತೆಂಗಿನೆಣ್ಣೆಯನ್ನು, ಎಣ್ಣೆಯಾಗುವುದಕ್ಕೆ ಮೊದಲೇ, ತೇವದಿಂದ ಕಾಪಾಡಬೇಕು.

ಹಿಂದಿನವರು ಇದಕ್ಕೆ ಕಂಡುಕೊಂಡ ಉಪಾಯ ಅಟ್ಟ. ಅಡುಗೆಮನೆಯ ಒಲೆಯ ಮೇಲ್ಗಡೆ ಬಿದಿರಿನ ತಟ್ಟಿ. ಅದರ ಮೇಲೆ ಕೊಬ್ಬರಿ. ಕೆಳಗೆ ಅನ್ನ ಬೇಯುತ್ತಿದ್ದಂತೆ ಮೇಲೆ ಕೊಬ್ಬರಿ ಒಣಗುತ್ತಿತ್ತು. ಬೇರೆ ಸೌದೆಯ ಖರ್ಚಿಲ್ಲ, ಬೂಷ್ಟಿಗೂ ಅವಕಾಶವಿಲ್ಲ. ಆದರೆ ಶಾಖದ ಜೊತೆಯಲ್ಲಿ ಹೊಗೆಯೂ ಮೇಲೇರುತ್ತಿತ್ತಲ್ಲವೆ? ಮರ, ಸಿಪ್ಪೆ, ಗೆರಟೆಗಳು ಅರೆಬರೆಯಾಗಿ ಉರಿದಾಗ ಬರುವ ಹೊಗೆಯಲ್ಲಿ ಬೆಂಜೋಪೈರೀನಿನಂಥ ಸಂಯುಕ್ತಗಳಿವೆ. ಇವು ಅರ್ಬುದಕಾರಕಗಳೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಇವು ನೀರಿನಲ್ಲಿ ಕರಗುವುದಕ್ಕಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವಂಥವು. ಆದುದರಿಂದ ಹೊಗೆ ಹಿಡಿದ ಕೊಬ್ಬರಿಯಿಂದ ನೇರವಾಗಿ ಎಣ್ಣೆಗೆ ಇಳಿಯುತ್ತವೆ. ಅತ್ತೆಯ ಭರಣಿಯಲ್ಲಿ ಸೊಸೆಯ ಮೂಗು ಹಿಡಿದದ್ದು ಸುಳ್ಳಲ್ಲ. ಬೂಷ್ಟು ಹತ್ತದಂತೆ ಗಂಧಕದ ಹೊಗೆ ಹಾಕುವ ಪದ್ಧತಿ ಕೆಲವು ಕಡೆ ಇದೆ. ಅದು ಅಂಗಡಿಯಲ್ಲಿ ಕೊಬ್ಬರಿಯನ್ನು ಬೆಳ್ಳಗೆ ತೋರಿಸುತ್ತದೆಯೇ ಹೊರತು ತಿನ್ನುವವರಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ.

ಹೊಗೆ ಬೇಡ, ಶಾಖ ಬೇಕು. ಈ ತೊಡಕನ್ನು ಬಿಡಿಸಲು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನಲ್ಲಿ 1916ರಲ್ಲಿ ಅಂದಿನ ಮದ್ರಾಸ್ ಸರ್ಕಾರ ತೆರೆದ ತೆಂಗು ಸಂಶೋಧನಾ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಗೆರಟೆಯನ್ನೇ ಇಂಧನವಾಗಿ ಉರಿಸಿ, ಹೊಗೆ ಕೊಬ್ಬರಿಗೆ ತಾಗದಂತೆ ಬರಿಯ ಬಿಸಿಗಾಳಿಯಿಂದ ಒಣಗಿಸುವ ಡ್ರೈಯರುಗಳನ್ನು ಅಲ್ಲಿಯ ತಜ್ಞರು ಸಣ್ಣ ಹಿಡುವಳಿದಾರರಿಗಾಗಿಯೆ ರೂಪಿಸಿದರು. ಇಲ್ಲಿಯೂ ಹದ ತಪ್ಪಬಾರದು. ಶಾಖವನ್ನು 70 ಡಿಗ್ರಿಯ ಆಚೆಗೆ ಏರಿಸಿ ಅವಸರಪಟ್ಟರೆ ತಿರುಳಿನ ಹೊರಮೈ ತೊಗಲಿನಂತೆ ಬಿಗಿದುಕೊಳ್ಳುತ್ತದೆ. ಒಳಗಿನ ನೀರು ಹೊರಗೆ ಬರಲು ದಾರಿ ಕಾಣದೆ ಅಲ್ಲಿಯೇ ಉಳಿಯುತ್ತದೆ. ನೋಡುವುದಕ್ಕೆ ಒಣಕೊಬ್ಬರಿ, ಮುರಿದರೆ ಹಸಿ. ತಿಪಟೂರಿನವರು ಇಂಥ ಯಾವ ಗಡಿಬಿಡಿಗೂ ಹೋಗದೆ ಇಡೀ ಕಾಯಿಯನ್ನೇ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು ಉಂಡೆಕೊಬ್ಬರಿ ಮಾಡುತ್ತಾರೆ. ಬಯಲುಸೀಮೆಯ ಒಣಗಾಳಿಗೆ ಅದು ಒಪ್ಪುತ್ತದೆ. ಗಂಗೊಳ್ಳಿಯ ಉಪ್ಪುಗಾಳಿಯಲ್ಲಿ ಅಷ್ಟು ಸಮಾಧಾನ ಸಾಧ್ಯವಿಲ್ಲ.

ಕರಾವಳಿಯಲ್ಲಿ ತೆಂಗಿನ ಜೊತೆಗೆ ನೆಲಗಡಲೆಯ ಕಥೆಯೂ ಇದೆ. ಭತ್ತದ ಕೊಯ್ಲು ಮುಗಿದ ಮೇಲೆ ಕುಂದಾಪುರ, ಬೈಂದೂರು ಕಡೆಯ ಮರಳುಮಿಶ್ರಿತ ಗದ್ದೆಗಳಲ್ಲಿ ನೆಲಗಡಲೆ ಬಿತ್ತಿ ಮುಂಗಾರಿಗೆ ಮೊದಲು ಕೀಳುವುದು ವಾಡಿಕೆ. ಕಿತ್ತ ಕಾಯಿ ಒಣಗುವ ಮೊದಲೇ ಅಕಾಲದ ಮಳೆ ಹೊಡೆದರೆ ರೈತನಿಗೆ ಆಗುವ ನಷ್ಟ ಎಲ್ಲರಿಗೂ ಕಾಣುತ್ತದೆ, ಕಾಣದ ನಷ್ಟವೊಂದಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸಾಕಿದ ಟರ್ಕಿಕೋಳಿಗಳು ಸುಮಾರು ಒಂದು ಲಕ್ಷದಷ್ಟು ಕಾರಣ ತಿಳಿಯದೆ ಸತ್ತುಬಿದ್ದವು. ಹುಡುಕುತ್ತ ಹೋದಾಗ ಅವು ತಿಂದ ನೆಲಗಡಲೆ ಹಿಂಡಿಯಲ್ಲಿ ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಉತ್ಪಾದಿಸಿದ ವಿಷ ಸಿಕ್ಕಿತು. ಅಫ್ಲಾಟಾಕ್ಸಿನ್ ಎಂಬ ಹೆಸರು ಲೋಕಕ್ಕೆ ಪರಿಚಯವಾದುದು ಹಾಗೆ. ಮನುಷ್ಯರ ಯಕೃತ್ತಿಗೂ ಅದು ಮಾರಿ. ಹುರಿದರೆ ಈ ವಿಷ ಸ್ವಲ್ಪ ಕಡಿಮೆಯಾದೀತೇ ಹೊರತು ತೊಲಗುವುದಿಲ್ಲ. ಹಿಂಡಿದಾಗ ಅದರ ಹೆಚ್ಚಿನ ಪಾಲು ಹಿಂಡಿಯಲ್ಲಿಯೇ ನಿಲ್ಲುತ್ತದೆ, ಸ್ವಲ್ಪ ಎಣ್ಣೆಯೊಡನೆ ಬರುತ್ತದೆ. ಕ್ಷಾರದಿಂದ ಶುದ್ಧೀಕರಿಸಿದ ಕಾರ್ಖಾನೆಯ ಎಣ್ಣೆಯಲ್ಲಿ ಅದು ಹೋಗುತ್ತದೆ; ಗಾಣದಿಂದ ನೇರವಾಗಿ ಸೀಸೆಗೆ ಇಳಿದ ಎಣ್ಣೆಗೆ ಅಂಥ ಎರಡನೆಯ ಸ್ನಾನವಿಲ್ಲ. ಬಿಸಿಯಿಲ್ಲದೆ, ಶುದ್ಧೀಕರಣವಿಲ್ಲದೆ ತೆಗೆದ ಎಣ್ಣೆಯನ್ನು ಬಯಸುವವರು ಬೀಜದ ವಿಷಯದಲ್ಲಿ ಇತರರಿಗಿಂತ ಎರಡು ಪಟ್ಟು ಎಚ್ಚರವಾಗಿರಬೇಕಾದುದು ಇದಕ್ಕಾಗಿಯೆ. ಈ ಮಾತನ್ನು ಮಾರುವವರು ಹೇಳುವುದು ಕಡಿಮೆ.

ಒಳ್ಳೆಯ ನೆಲಗಡಲೆಯನ್ನು ಹದವಾಗಿ ಹುರಿದು ಹಿಂಡಿದರೆ ಬರುವ ಘಮವೇ ಬೇರೆ. ಸಕ್ಕರೆಯ ಅಂಶವೂ ಪ್ರೋಟೀನೂ ಶಾಖದಲ್ಲಿ ಕೂಡಿ ಹುಟ್ಟಿಸುವ ಸುವಾಸನೆ ಅದು; ದೋಸೆಯ ಅಂಚು ಕೆಂಪಾಗುವಾಗ ಏಳುವ ವಾಸನೆಗೂ ಇದಕ್ಕೂ ಮೂಲ ಒಂದೇ. ಎಳ್ಳಿನದು ಇನ್ನೂ ಸ್ವಾರಸ್ಯಕರ. ಅದರಲ್ಲಿರುವ ಸೆಸಮೋಲಿನ್ ಎಂಬುದು ಹುರಿದಾಗ ಸೆಸಮೋಲ್ ಆಗಿ ಪರಿವರ್ತನೆ ಹೊಂದಿ ಎಣ್ಣೆ ಕೆಡದಂತೆ ತಡೆಯುತ್ತದೆ. ಜಪಾನ್, ಕೊರಿಯಾಗಳಲ್ಲಿ ಕಂದುಬಣ್ಣದ ಹುರಿದ ಎಳ್ಳೆಣ್ಣೆಗೇ ಮರ್ಯಾದೆ. ಇಲ್ಲಿಯ ಗಾಣಿಗರು ಹಸಿ ಎಳ್ಳಿಗೆ ಬೆಲ್ಲ ಹಾಕಿ ಆಡಿಸುತ್ತಾರೆ. ಸಾಸಿವೆಯದು ತದ್ವಿರುದ್ಧ. ಬಂಗಾಳಿಗರು ಮೆಚ್ಚುವ ಕಣ್ಣೀರು ತರಿಸುವ ಕಟುತನ ಬರುವುದು ಒಂದು ಕಿಣ್ವದ ಕೃಪೆಯಿಂದ. ಮೊದಲೇ ಬಿಸಿ ಮಾಡಿದರೆ ಕಿಣ್ವ ಸತ್ತು ಕಟುತನವೂ ಸಾಯುತ್ತದೆ. ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಎಣ್ಣೆ ತೆಗೆಯುತ್ತಿದ್ದ ಅಜ್ಜಿಯರಿಗೆ ಆ ಬೀಜದ ರೈಸಿನ್ ಎಂಬ ಘೋರವಿಷ ಶಾಖಕ್ಕೆ ನಾಶವಾಗುವುದೆಂಬ ಶಾಸ್ತ್ರ ತಿಳಿದಿರಲಿಲ್ಲ, ವಿಧಾನ ತಿಳಿದಿತ್ತು. ಮುರುಗಲು ಬೀಜದ ತುಪ್ಪವೂ ಕುದಿಸಿಯೇ ತೆಗೆಯುವಂಥದು. ಎಲ್ಲ ಬೀಜಗಳಿಗೂ ಒಂದೇ ನ್ಯಾಯ ಹೇಳುವವರು ಈ ಪಟ್ಟಿಯನ್ನು ಒಮ್ಮೆ ನೋಡಿದರೆ ಒಳ್ಳೆಯದು.

ಇನ್ನು ಸೀಸೆಯ ಬರಹ. ಮರದ ಗಾಣ ನಿಧಾನವಾಗಿ ತಿರುಗುತ್ತದೆ. ಎಣ್ಣೆ ಕೈಗೆ ಬೆಚ್ಚಗೆನ್ನಿಸುವಷ್ಟೇ ಬಿಸಿಯಾಗಿರುತ್ತದೆ. ಕಬ್ಬಿಣದ ತಿರುಪಿನ ಎಕ್ಸ್‌ಪೆಲ್ಲರಿನಲ್ಲಿ ಹೊರಗಿನಿಂದ ಬೆಂಕಿ ಕೊಡದಿದ್ದರೂ ತಿಕ್ಕಾಟದಿಂದಲೇ ಶಾಖ 100 ಡಿಗ್ರಿ ದಾಟುವುದುಂಟು. ಗಾಣವನ್ನು ಕುರಿತು ಒಂದು ಇಡೀ ಪುಸ್ತಕವನ್ನೇ ಬರೆದವರು ಕೊಳ್ಳೇಗಾಲದಲ್ಲಿ 1923ರಲ್ಲಿ ಹುಟ್ಟಿದ ಎಣ್ಣೆ ರಸಾಯನತಜ್ಞ ಕೆ. ಟಿ. ಅಚ್ಚಯ್ಯನವರು. ಎಕ್ಸ್‌ಪೆಲ್ಲರಿನ ಹಿಂಡಿಗಿಂತ ಗಾಣದ ಹಿಂಡಿಯಲ್ಲಿ ಎಣ್ಣೆ ಹೆಚ್ಚು ಉಳಿಯುತ್ತದೆ. ಗಾಣದ ಎಣ್ಣೆ ದುಬಾರಿಯಾಗಲು ಇದೂ ಒಂದು ಕಾರಣ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಘಟನೆಗಳು ಕೂಡಿ ನಡೆಸುವ ಕೋಡೆಕ್ಸ್ ಎಂಬ ಮಂಡಲಿಯ ವ್ಯಾಖ್ಯೆಯಂತೆ, ಶಾಖ ಕೊಡದೆ ಯಂತ್ರದಿಂದಷ್ಟೆ ತೆಗೆದುದು ‘ಕೋಲ್ಡ್ ಪ್ರೆಸ್ಡ್’. ‘ವರ್ಜಿನ್’ ಎಣ್ಣೆಗಾದರೆ ಶಾಖದ ನೆರವಿಗೆ ಅನುಮತಿಯುಂಟು. ಎರಡೂ ಒಂದೇ ಎಂದು ತಿಳಿದು ದುಡ್ಡು ತೆರುವವರೇ ಪೇಟೆಯಲ್ಲಿ ಹೆಚ್ಚು.

ಬಿಸಿ ಕಂಡರೆ ಸತ್ವ ಹೋಯಿತೆನ್ನುವವರು ಶ್ರೀಲಂಕಾದ ಒಂದು ಪ್ರಯೋಗವನ್ನೂ ಗಮನಿಸಬೇಕು. ಕೆಲಣಿಯ ವಿಶ್ವವಿದ್ಯಾನಿಲಯದ ಸೆನೆವಿರತ್ನೆ ಮತ್ತು ಅವರ ಸಂಗಡಿಗರು ತೆಂಗಿನ ಹಾಲನ್ನು ಕಾಯಿಸಿ ತೆಗೆದ ಎಣ್ಣೆಯನ್ನೂ ತಣ್ಣನೆಯ ವಿಧಾನದಲ್ಲಿ ತೆಗೆದ ಎಣ್ಣೆಯನ್ನೂ ಹೋಲಿಸಿ 2009ರಲ್ಲಿ ಪ್ರಕಟಿಸಿದರು. ಉತ್ಕರ್ಷಣವನ್ನು ತಡೆಯುವ ಫೀನಾಲಿಕ ದ್ರವ್ಯಗಳು ಕಾಯಿಸಿ ತೆಗೆದ ಎಣ್ಣೆಯಲ್ಲಿಯೇ ಹೆಚ್ಚಾಗಿದ್ದವು. ಎಳೆಯ ಮಗುವಿನ ಮೈಗೆ ಹಚ್ಚಲು ತೆಂಗಿನ ಹಾಲು ಕಾಯಿಸಿ ಎಣ್ಣೆ ಮಾಡುತ್ತಿದ್ದ ಬಾಣಂತಿಕೋಣೆಯ ಹಿರಿಯಾಕೆಗೆ ಈ ವರದಿಯಿಂದ ಆಶ್ಚರ್ಯವೇನೂ ಆಗಲಿಕ್ಕಿಲ್ಲ. ಹಾಗೆಂದು ತೆಂಗಿನೆಣ್ಣೆ ಬಹುಪಾಲು ಸಂತೃಪ್ತ ಕೊಬ್ಬೆಂಬುದು ಸುಳ್ಳಾಗುವುದಿಲ್ಲ. ಕಾಯಿಸಿದರೂ, ಕಾಯಿಸದಿದ್ದರೂ ಅದು ಮಿತಿಯಲ್ಲಿ ಉಣ್ಣುವ ಪದಾರ್ಥವೇ.

ಜಗಲಿಯ ಮೇಲಿನ ವಾದ ಇಷ್ಟಕ್ಕೆ ನಿಂತಿರಲಾರದು. ಮರುದಿನ ಅತ್ತೆ ಸೊಸೆಯರಿಬ್ಬರೂ ಅಟ್ಟದ ಕೊಬ್ಬರಿಯನ್ನು ಗೋಣಿಯಲ್ಲಿ ತುಂಬಿಸಿ ಆಟೋರಿಕ್ಷಾದಲ್ಲಿ ಗಾಣಕ್ಕೆ ಒಯ್ದರೆನ್ನಿ. ಗಾಣದವನು ತೂಕಕ್ಕೆ ಹಾಕುವ ಮೊದಲೇ ಗೋಣಿಯ ನಡುವಿಗೆ ಕೈ ಹಾಕಿ ಒಂದು ತುಂಡು ತೆಗೆಯುತ್ತಾನೆ. ಎರಡೂ ಕೈಯಿಂದ ಬಗ್ಗಿಸುತ್ತಾನೆ. ಒಣಗಿದ ಕೊಬ್ಬರಿಯಾದರೆ ಟಕ್ಕನೆ ಸದ್ದು ಮಾಡಿ ಮುರಿಯಬೇಕು. ಇದು ಚಕ್ಕಳದಂತೆ ಬಾಗುತ್ತದೆ. ಇನ್ನೊಂದು ತುಂಡು, ಅದೂ ಹಾಗೆಯೆ. ಒಳಮೈಯಲ್ಲಿ ಸಣ್ಣಗೆ ಹಸುರು ಚುಕ್ಕೆಯಿದ್ದ ಮೂರು ತುಂಡುಗಳನ್ನು ಆರಿಸಿ ಪಕ್ಕಕ್ಕೆ ಎಸೆಯುತ್ತಾನೆ.

“ಇದಕ್ಕಿನ್ನೂ ಎರಡು ಬಿಸಿಲ್ ಬೇಕ್ ಅಮ್ಮ.”

“ಹಬ್ಬ ನಾಡಿದ್ದಲ್ಲವೋ?”

“ಹಬ್ಬಕ್ಕೆ ಬೇಕಾದರೆ ಆಡಿಸಿ ಕೊಡುತ್ತೇನೆ. ಎಣ್ಣೆ ಎರಡು ತಿಂಗಳಿಗೇ ಕಮಟು ಬಂದರೆ ಗಾಣದ ಹೆಸರು ಹೇಳಬೇಡಿ.”

ಗೋಣಿ ಬಂದ ದಾರಿಯಲ್ಲಿಯೇ ಹಿಂದಿರುಗಿತು. ನರಕ ಚತುರ್ದಶಿಯ ಬೆಳಗಿನ ಜಾವ ಮೊಮ್ಮಕ್ಕಳ ನೆತ್ತಿಗೆ ಅತ್ತೆ ಹಚ್ಚಿದುದು ಬೆಂಗಳೂರಿನ ಸೀಸೆಯ ಎಣ್ಣೆಯನ್ನೇ. ಹೊತ್ತೇರಿದ ಮೇಲೆ ಅಂಗಳದ ಚಾಪೆಯಲ್ಲಿ ಕೊಬ್ಬರಿ ಹರಡಿತ್ತು. ಪಕ್ಕದಲ್ಲಿ ಉದ್ದನೆಯ ಕೋಲು ಹಿಡಿದು, ಕಾಗೆಗಳ ಮೇಲೆ ಕಣ್ಣಿಟ್ಟು, ಸೊಸೆ ಕುಳಿತಿದ್ದಳು.